ಮಷೀನು ಕಿವಿಯಲ್ಲಿದೆ, ಮಾತು ದೂರದಲ್ಲಿದೆ

“ಕಿವಿಗೆ ಮಷೀನು ಹಾಕಿಸಿಕೊಟ್ಟಿದ್ದೀವಿ, ಆದ್ರೂ ಹಾಕ್ಕೊಳ್ಳೋದೇ ಇಲ್ಲ. ಡಬ್ಬಿಯಲ್ಲಿ ಇಟ್ಟಿದ್ದು ಇಟ್ಟ ಹಾಗೇ ಇದೆ.” ವಯಸ್ಸಾದ ತಂದೆ ತಾಯಿ ಇರುವ ಎಷ್ಟೋ ಮನೆಗಳಲ್ಲಿ ಈ ದೂರು ಇದೆ. ಅದೇ ಮನೆಯ ಹಿರಿಯರ ಪಕ್ಕ ಕೂತು ವಿಚಾರಿಸಿದರೆ ಅವರ ಉತ್ತರವೂ ಹೆಚ್ಚು ಕಡಿಮೆ ಒಂದೇ: “ಸದ್ದು ಕೇಳಿಸುತ್ತಪ್ಪಾ, ಏನಂದ್ರು ಅಂತ ತಿಳಿಯೋಲ್ಲ.” ಮಕ್ಕಳು ಕೈಬಿಚ್ಚಿ ಖರ್ಚು ಮಾಡಿದ್ದು ನಿಜ, ಹಿರಿಯರಿಗೆ ಮಾತು ತಿಳಿಯದಿರುವುದೂ ನಿಜ. ನಡುವೆ ತಪ್ಪಿದ್ದೇನು ಎಂದು ಬಿಡಿಸಿ ಹೇಳುವವರು ಕಡಿಮೆ.

ವಯಸ್ಸಾದಂತೆ ಮೊದಲು ಕೈಕೊಡುವುದು ಎತ್ತರದ ಸ್ಥಾಯಿಯ ಶ್ರವಣ. ಅ, ಆ, ಉ, ಊ ಮುಂತಾದ ಸ್ವರಗಳು ತಗ್ಗಿನ ಸ್ಥಾಯಿಯವು, ಗಟ್ಟಿಯಾದವು. ಅವು ಕೊನೆಯವರೆಗೂ ಕಿವಿಗೆ ಬೀಳುತ್ತವೆ. ಸ, ಶ, ತ, ಕ, ಪ ಇಂಥ ವ್ಯಂಜನಗಳು ಕ್ಷೀಣವಾದವು, ಎತ್ತರದವು. ಆದರೆ ಮಾತಿನ ಅರ್ಥ ನಿಂತಿರುವುದು ಇವುಗಳ ಮೇಲೆ. ‘ಕಾಸು’, ‘ತಾಸು’, ‘ಪಾಸು’ ಮೂರರಲ್ಲೂ ಮೊದಲ ವ್ಯಂಜನ ಅಳಿಸಿಹೋದರೆ ಉಳಿಯುವುದು ಒಂದೇ ಸದ್ದು. ಹಿರಿಯರು ಸಂದರ್ಭ ನೋಡಿ ಊಹಿಸುತ್ತಾರೆ. ಊಹೆ ತಪ್ಪಿದಾಗ ಸುತ್ತಲಿದ್ದವರು ನಗುತ್ತಾರೆ. ನಾಲ್ಕು ಸಲ ಹಾಗಾದ ಮೇಲೆ ಅವರು ಮಾತಿಗೆ ಬರುವುದನ್ನೇ ಬಿಡುತ್ತಾರೆ. ನಾವು ಗಂಟಲು ಹರಿದುಕೊಂಡು ಕೂಗಿದರೂ ಪ್ರಯೋಜನವಿಲ್ಲ. ಕೂಗಿದಾಗ ದೊಡ್ಡದಾಗುವುದು ಸ್ವರವೇ ಹೊರತು ವ್ಯಂಜನವಲ್ಲ. ಜೊತೆಗೆ ಕೂಗುವವರ ಮುಖದಲ್ಲಿ ಸಿಟ್ಟು ಕಾಣಿಸುತ್ತದೆ, ಅದು ಮಾತ್ರ ಅವರಿಗೆ ಚೆನ್ನಾಗಿ ತಿಳಿಯುತ್ತದೆ.

ಶ್ರವಣ ಸಾಧನ ಈ ಕೊರತೆಯನ್ನು ಸಾಕಷ್ಟು ತುಂಬುತ್ತದೆ. ಯಾವ ಸ್ಥಾಯಿಯಲ್ಲಿ ಎಷ್ಟು ನಷ್ಟವೋ ಅಲ್ಲಿ ಅಷ್ಟು ಬಲ ಕೊಡುವಂತೆ ಡಿಜಿಟಲ್ ಮಷೀನನ್ನು ಹೊಂದಿಸಬಹುದು. ಆದರೆ ಚಾಳೀಸು ಹಾಕಿದೊಡನೆ ಅಕ್ಷರ ಸ್ಪಷ್ಟವಾಗುವ ಹಾಗೆ ಇದು ಆಗುವುದಿಲ್ಲ. ಮಷೀನಿನ ಮೈಕು ಇರುವುದು ಕೇಳುವವರ ಕಿವಿಯ ಮೇಲೆ, ಮಾತಾಡುವವರ ಬಾಯಿಯ ಹತ್ತಿರವಲ್ಲ. ಎದುರುಬದುರು ಕೂತು, ಒಂದೆರಡು ಮೀಟರ್ ಒಳಗೆ, ಸದ್ದಿಲ್ಲದ ಕೋಣೆಯಲ್ಲಿ ಮಾತಾಡಿದರೆ ಮಷೀನು ಚೆನ್ನಾಗಿ ಕೆಲಸ ಮಾಡುತ್ತದೆ. ದೂರ ಹೆಚ್ಚಿದ ಹಾಗೆಲ್ಲ ಮಾತು ಸೊರಗುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಮಾತಿನ ಬಲ 6 ಡೆಸಿಬಲ್ ಇಳಿಯುತ್ತದೆ. ಫ್ಯಾನಿನ ಸದ್ದು, ಪಾತ್ರೆಯ ಸದ್ದು, ಪಕ್ಕದವರ ಹರಟೆ ಮಾತ್ರ ಇದ್ದಲ್ಲೇ ಇರುತ್ತವೆ. ಮಷೀನು ಎರಡನ್ನೂ ಹಿಗ್ಗಿಸಿ ಕಿವಿಗೆ ಹಾಕುತ್ತದೆ. ಎಷ್ಟು ದುಬಾರಿ ಮಷೀನಾದರೂ ಈ ದೂರವನ್ನು ಪೂರ್ತಿ ಗೆಲ್ಲಲಾರದು. ಮೈಕನ್ನು ಬಾಯಿಯ ಹತ್ತಿರ ಒಯ್ಯುವ ಎರಡನೆಯ ಸಾಧನವೊಂದು ಬೇಕು. ನಮ್ಮಲ್ಲಿ ಮೊದಲನೆಯದಕ್ಕೆ ದುಡ್ಡಿದೆ, ಯೋಜನೆಯಿದೆ, ಶಿಬಿರವಿದೆ. ಎರಡನೆಯದರ ಹೆಸರೂ ಜನಕ್ಕೆ ಗೊತ್ತಿಲ್ಲ. ಈ ಬರಹದ ತಕರಾರು ಇಷ್ಟೇ.

ಇದನ್ನು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳನ್ನು ಮುಂದಿಟ್ಟುಕೊಂಡು ಹೇಳುವುದಕ್ಕೆ ಕಾರಣವಿದೆ. ಶಿರಡಿ, ನಾಸಿಕ್, ತ್ರ್ಯಂಬಕೇಶ್ವರ, ಘೃಷ್ಣೇಶ್ವರ, ಎಲ್ಲೋರಾ ಎಂದು ಕರ್ನಾಟಕದಿಂದ ವರ್ಷವಿಡೀ ಹೊರಡುವ ಬಸ್ಸುಗಳಲ್ಲಿ ಅರ್ಧಕ್ಕರ್ಧ ಹಿರಿಯರೇ ಇರುತ್ತಾರೆ. ನೌಕರಿಗೆಂದು ಅಲ್ಲಿ ನೆಲೆಸಿದ ಮಕ್ಕಳ ಜೊತೆ ಇಳಿವಯಸ್ಸು ಕಳೆಯಲು ಹೋದ ಕನ್ನಡದ ತಂದೆ ತಾಯಂದಿರೂ ಇದ್ದಾರೆ. ಸಂಭಾಜಿನಗರವಂತೂ ಔರಂಗಾಬಾದ್ ಎಂಬ ಹೆಸರಿನಲ್ಲಿ 1956ರವರೆಗೆ ಕಲಬುರಗಿ, ಬೀದರ, ರಾಯಚೂರುಗಳ ಜೊತೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಊರು.

ಎಲ್ಲೋರಾದ 16ನೇ ಗುಹೆ ಕೈಲಾಸ ದೇವಾಲಯ. 8ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣ ಕಡೆಸಿದ್ದು. ಕನ್ನಡಿಗರಿಗೆ ಅದು ನಮ್ಮದು ಎನ್ನಿಸುವ ಜಾಗ. ಅದಕ್ಕೆ ಸ್ವಲ್ಪ ದೂರದ 10ನೇ ಗುಹೆ ವಿಶ್ವಕರ್ಮ ಚೈತ್ಯ. ಮರದ ತೊಲೆಗಳನ್ನು ಹೋಲುವಂತೆ ಕಲ್ಲಿನಲ್ಲೇ ಕಡೆದ ಕಮಾನಿನ ಚಾವಣಿ, ಒಳಗೆ ಸ್ತೂಪದ ಮುಂದೆ ಕೂತ ಬುದ್ಧ. ಅಲ್ಲಿ ಒಬ್ಬರು ನಿಂತು ನಾದ ಹೊರಡಿಸಿದರೆ ಗುಹೆಯಿಡೀ ಮೊಳಗುತ್ತದೆ. ಗೈಡುಗಳು ಇದನ್ನು ತಪ್ಪದೆ ಮಾಡಿ ತೋರಿಸುತ್ತಾರೆ. ಕಿವಿ ಚೆನ್ನಾಗಿದ್ದವರಿಗೆ ಮೈ ಜುಮ್ಮೆನ್ನಿಸುವ ಆ ಮೊಳಗೇ ಮಷೀನು ಹಾಕಿದವರ ಶತ್ರು. ಒಂದು ಅಕ್ಷರದ ಬಾಲ ಕಲ್ಲಿಗೆ ಬಡಿದು ತಿರುಗಿ ಬರುವಷ್ಟರಲ್ಲಿ ಮುಂದಿನ ಅಕ್ಷರ ಹೊರಟಿರುತ್ತದೆ, ಎರಡೂ ಕಲಸಿಹೋಗುತ್ತವೆ.

ಆ ಗುಹೆಯಲ್ಲಿ ಧಾರವಾಡದ ಕಡೆಯ ಒಂದು ಕುಟುಂಬವನ್ನು ಕಂಡೆ. ಹಿರಿಯರ ಎರಡೂ ಕಿವಿಯ ಹಿಂದೆ ಬೂದು ಬಣ್ಣದ ಮಷೀನಿತ್ತು. ಗೈಡು ಹಿಂದಿಯಲ್ಲಿ ಹೇಳುತ್ತಿದ್ದ, ಮಗಳು ಕನ್ನಡಕ್ಕೆ ತಿರುಗಿಸುತ್ತಿದ್ದಳು. ಅವರು ಎರಡು ಸಲ “ಏನಂತಾನ ಅಂವಾ?” ಎಂದು ಕೇಳಿದರು. ಮೂರನೇ ಸಲ ಮಗಳು ಮೆಲ್ಲಗೆ, “ಆಮ್ಯಾಲೆ ಹೇಳ್ತೀನಿ ತಡೀರಿ ಅಪ್ಪಾ” ಅಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಪ್ರೀತಿಯೇ ಇತ್ತು. ಆದರೂ ಹಿರಿಯರು ಕೈ ಮೇಲೆತ್ತಿ ಕಿವಿಯ ಹಿಂದಿನ ಗುಂಡಿ ಒತ್ತಿ ಮಷೀನು ಬಂದ್ ಮಾಡಿದರು, ಒಬ್ಬರೇ ಹೋಗಿ ಕಂಬಕ್ಕೆ ಒರಗಿ ನಿಂತರು. ‘ಆಮೇಲೆ ಹೇಳ್ತೀನಿ’ ಎಂಬುದು ಮಂದ ಕಿವಿಯವರು ಬದುಕಿನಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಳ್ಳುವ ಮಾತು. ಆ ಆಮೇಲೆ ಬರುವುದು ಅಪರೂಪ, ಬಂದರೂ ಹತ್ತು ನಿಮಿಷದ ಮಾತು ಒಂದು ವಾಕ್ಯವಾಗಿ ಬರುತ್ತದೆ.

ಆ ಗೈಡಿನ ಅಂಗಿಗೆ ಬೆರಳುದ್ದದ ಒಂದು ಮೈಕು ಸಿಕ್ಕಿಸಿದ್ದರೆ ಕತೆ ಬೇರೆಯಾಗುತ್ತಿತ್ತು. ರಿಮೋಟ್ ಮೈಕ್ ಎಂಬ ಈ ಸಾಧನ ಮಾತನ್ನು ಬಾಯಿಯ ಪಕ್ಕದಲ್ಲೇ ಹಿಡಿದು, ತಂತಿಯಿಲ್ಲದೆ ನೇರ ಮಷೀನಿಗೆ ಕಳಿಸುತ್ತದೆ. ನಡುವಿನ ಗದ್ದಲ, ಕಲ್ಲಿನ ಮಾರ್ದನಿ ಬಹುಪಾಲು ದಾರಿಯಿಂದ ಸರಿಯುತ್ತವೆ. ಶ್ರವಣದೋಷವಿರುವ ಮಕ್ಕಳ ತರಗತಿಗಳಲ್ಲಿ ಟೀಚರ ಕೊರಳಿಗೆ ಹಾಕುವ ಎಫ್‌ಎಂ ಮೈಕು ಇದರ ಹಳೆಯ ಅಕ್ಕ. ದೊಡ್ಡ ಮ್ಯೂಸಿಯಂಗಳಲ್ಲಿ ಬಳಸುವ ಟೂರ್ ಗೈಡ್ ಸೆಟ್ಟೂ ಇದೇ ಜಾತಿಯದು: ಗೈಡಿಗೆ ಒಂದು ಮೈಕು, ಪ್ರತಿ ಪ್ರವಾಸಿಗೆ ಒಂದು ಪುಟ್ಟ ರಿಸೀವರ್. ಅದು ಎಲ್ಲರಿಗೂ ಉಪಯೋಗದ್ದು, ಹಿಂದಿನ ಸಾಲಿನಲ್ಲಿ ನಿಂತವರಿಗೂ. ಎಲ್ಲೋರಾ, ಅಜಂತಾ ಎರಡೂ 1983ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಇಂಥ ಕಡೆ ಟಿಕೆಟ್ ಕೌಂಟರಿನಲ್ಲಿ ಬಾಡಿಗೆಗೆ ಹತ್ತು ಸೆಟ್ಟು ಇಡುವುದು ಪುರಾತತ್ವ ಇಲಾಖೆಗೆ ಭಾರವಾಗದು.

ದುಡ್ಡು ಖರ್ಚಿಲ್ಲದ ದಾರಿಯೂ ಇದೆ. ಕೆಲವು ಫೋನುಗಳಲ್ಲಿ ಫೋನನ್ನೇ ಮೈಕು ಮಾಡಿ, ಮಾತಾಡುವವರ ಮುಂದಿಟ್ಟು, ಇಯರ್‌ಫೋನಿನಲ್ಲಿ ಕೇಳುವ ಸೌಲಭ್ಯವಿದೆ. ಗೂಗಲ್ 2019ರಲ್ಲಿ ತಂದ ‘ಲೈವ್ ಟ್ರಾನ್ಸ್‌ಕ್ರೈಬ್’ ಆ್ಯಪ್ ಎದುರಿನವರ ಮಾತನ್ನು ಆಗಲೇ ಅಕ್ಷರವಾಗಿ ಪರದೆಯ ಮೇಲೆ ತೋರಿಸುತ್ತದೆ. ಕನ್ನಡವೂ ಇದೆ, ಮರಾಠಿಯೂ ಇದೆ. ನಾಸಿಕ್‌ನಲ್ಲಿ ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಓದಿಕೊಂಡು, ಮನೆಗೆ ಬಂದು ಸೊಸೆ ಕನ್ನಡದಲ್ಲಿ ಹೇಳಿದ್ದನ್ನೂ ಓದಬಹುದು. ಗದ್ದಲದಲ್ಲಿ ಅದು ತಪ್ಪುತ್ತದೆ, ಆಡುಮಾತಿಗೆ ತಡವರಿಸುತ್ತದೆ. ಆದರೂ ಆಸ್ಪತ್ರೆಯಲ್ಲಿ ‘ದಿನಕ್ಕೆ ಎರಡು ಮಾತ್ರೆ’ ಎಂಬುದು ಕಣ್ಣಿಗೆ ಬೀಳುವುದು ಸಣ್ಣ ಮಾತಲ್ಲ.

ಹಳೆಯ ಜೇಬಿನ ಮಷೀನನ್ನೂ ನೆನೆಯಬೇಕು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅದರಿಂದ ಕಿವಿಗೆ ವೈರು. ನೋಡಲು ಚೆನ್ನಾಗಿಲ್ಲ ಎಂದು ಎಲ್ಲರೂ ಅದನ್ನು ಬಿಟ್ಟರು. ಆದರೆ ಬೆರಳು ನಡುಗುವ ಎಂಬತ್ತರ ಅಜ್ಜಿಗೆ ಕಿವಿಯ ಹಿಂದಿನ ಕಾಳಿನಷ್ಟು ಗುಂಡಿಗಿಂತ ಡಬ್ಬಿಯ ಚಕ್ರ ತಿರುಗಿಸುವುದು ಸುಲಭ. ಬೇಕಾದರೆ ಡಬ್ಬಿಯನ್ನೇ ಮಾತಾಡುವವರ ಕಡೆ ಚಾಚಬಹುದು, ಮೈಕು ತಾನೇ ಬಾಯಿಯ ಹತ್ತಿರ ಹೋಗುತ್ತದೆ. ಚಂದಕ್ಕಾಗಿ ಉಪಯೋಗ ಬಿಟ್ಟುಕೊಡುವ ಅಗತ್ಯವಿಲ್ಲ.

ಒಬ್ಬಿಬ್ಬರಿಗೆ ರಿಮೋಟ್ ಮೈಕು ಸರಿ, ಸಭೆಗೆ? ಅದಕ್ಕೆ ಇಂಡಕ್ಷನ್ ಲೂಪ್ ಇದೆ. ಜೋಸೆಫ್ ಪೋಲಿಯಕಾಫ್ ಎಂಬವರು 1937ರಲ್ಲೇ ಬ್ರಿಟನ್ನಿನಲ್ಲಿ ಇದರ ಪೇಟೆಂಟ್ ಪಡೆದರು. ತತ್ವ ಸರಳ. ಸಭಾಂಗಣದ ಸುತ್ತ, ನೆಲಹಾಸಿನ ಕೆಳಗೆ ಒಂದು ತಾಮ್ರದ ತಂತಿ ಸುತ್ತಿರುತ್ತಾರೆ. ವೇದಿಕೆಯ ಮೈಕಿನ ಧ್ವನಿ ಆಂಪ್ಲಿಫೈಯರ್ ಮೂಲಕ ಆ ತಂತಿಯಲ್ಲಿ ವಿದ್ಯುತ್ತಾಗಿ ಹರಿದು ಕಾಂತಕ್ಷೇತ್ರವಾಗುತ್ತದೆ. ಅನೇಕ ಶ್ರವಣ ಸಾಧನಗಳೊಳಗೆ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿ ಇರುತ್ತದೆ. ಮಷೀನನ್ನು ‘ಟಿ’ಗೆ ಹಾಕಿದರೆ ಆ ಸುರುಳಿ ಕಾಂತಕ್ಷೇತ್ರವನ್ನು ಹಿಡಿದು ಮತ್ತೆ ಮಾತು ಮಾಡುತ್ತದೆ. ಮಷೀನಿನ ಹೊರ ಮೈಕು ಮುಚ್ಚಿದ್ದರೆ ಪಕ್ಕದವರ ಕೆಮ್ಮೂ ಇಲ್ಲ, ಸಭಾಂಗಣದ ಮಾರ್ದನಿಯೂ ಇಲ್ಲ, ಭಾಷಣಕಾರ ಕಿವಿಯ ಬಳಿ ಕೂತು ಹೇಳಿದಂತಿರುತ್ತದೆ. ಕಬ್ಬಿಣ ಹೆಚ್ಚಿರುವ ಕಟ್ಟಡದಲ್ಲಿ ಕ್ಷೇತ್ರ ಕುಗ್ಗುತ್ತದೆ, ವಿದ್ಯುತ್ ತಂತಿಗಳ ಗುಂಯ್‌ಗುಟ್ಟುವಿಕೆಯೂ ಸೇರಬಹುದು. ಹಾಗಾಗಿ ಅಳೆದು ಹೊಂದಿಸುವ ತಂತ್ರಜ್ಞರು ಬೇಕು. ಲಂಡನ್ನಿನ ಕಪ್ಪು ಟ್ಯಾಕ್ಸಿಗಳಲ್ಲೂ ಇದು ಇದೆ. ಬ್ಲೂಟೂತ್ ಮೂಲಕ ಇಡೀ ಸಭೆಗೆ ಧ್ವನಿ ಬಿತ್ತರಿಸುವ ಆರಾಕಾಸ್ಟ್ ಎಂಬ ಹೊಸ ವಿಧಾನವೂ ಬಂದಿದೆ. ಅದು ಎಲ್ಲರ ಕಿವಿಗೆ ತಲುಪಲು ಇನ್ನೂ ವರ್ಷಗಳು ಬೇಕು. ಈಗಾಗಲೇ ಕಿವಿಯಲ್ಲಿರುವ ಮಷೀನುಗಳಿಗೆ ಲೂಪೇ ದಾರಿ.

ನಾಸಿಕ್‌ನಲ್ಲಿ ಗೋದಾವರಿಯ ಘಾಟಿನ ಮೇಲೆ ಮೇ ತಿಂಗಳಲ್ಲಿ ನಡೆಯುವ ವಸಂತ ವ್ಯಾಖ್ಯಾನಮಾಲೆಗೆ ನೂರು ವರ್ಷ ದಾಟಿದೆ. ಸಂಜೆ ಹೊತ್ತು ಹಿರಿಯರು ಬಂದು ಕೂತು ಉಪನ್ಯಾಸ ಕೇಳುವ ಸಂಪ್ರದಾಯ ಅದು. ಮರಾಠಿ ಕವಿ ಕುಸುಮಾಗ್ರಜರ ಊರಿಗೆ ತಕ್ಕದ್ದು. ಅಂಥ ಕಡೆ ಮುಂದಿನ ಎರಡು ಸಾಲಿಗಷ್ಟೇ ತಾತ್ಕಾಲಿಕ ಲೂಪ್ ಹಾಸಬಹುದು. ನಾಸಿಕ್‌ನ ಕಾಳಿದಾಸ ಕಲಾಮಂದಿರ, ಸಂಭಾಜಿನಗರದ ಸಂತ ಏಕನಾಥ ರಂಗಮಂದಿರದಂಥ ನಾಟಕದ ಮನೆಗಳಿಗೆ ಶಾಶ್ವತವಾದದ್ದೇ ಬೇಕು. ನಮ್ಮ ರವೀಂದ್ರ ಕಲಾಕ್ಷೇತ್ರಕ್ಕೂ, ಪ್ರತಿ ಜಿಲ್ಲಾ ಕೇಂದ್ರದ ರಂಗಮಂದಿರಕ್ಕೂ ಇದೇ ಮಾತು. ಇದು ದಯೆಯ ಪ್ರಶ್ನೆಯಲ್ಲ. ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಪರಿಷ್ಕರಿಸಿದ ಸುಗಮ್ಯತೆಯ ಮಾರ್ಗಸೂಚಿಗಳಲ್ಲಿ ಶ್ರವಣ ನೆರವಿನ ವ್ಯವಸ್ಥೆಯ ಮಾತಿದೆ. ಸುಗಮ್ಯತೆ ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. ರ‍್ಯಾಂಪ್ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೆ ಒದಗುತ್ತದೆ. ಲೂಪ್ ಕಾಣುವುದಿಲ್ಲ, ಕೇಳುವವರೂ ಇಲ್ಲ.

ಕೇಳದಿರುವುದಕ್ಕೆ ಒಂದು ಕಾರಣ, ತಮ್ಮ ಮಷೀನಿನಲ್ಲಿ ‘ಟಿ’ ಇದೆಯೆಂದೇ ಎಷ್ಟೋ ಜನಕ್ಕೆ ಗೊತ್ತಿಲ್ಲದಿರುವುದು. ಸುರುಳಿ ಒಳಗಿದ್ದರೂ ಮಷೀನು ಹೊಂದಿಸುವಾಗ ಅದನ್ನು ಚಾಲೂ ಮಾಡಿಕೊಡದಿದ್ದರೆ ಸತ್ತಂತೆಯೇ. ತೀರಾ ಪುಟ್ಟದಾದ ಕೆಲವು ಮಾದರಿಗಳಲ್ಲಿ ಅದು ಇರುವುದೇ ಇಲ್ಲ. ಕೊಳ್ಳುವ ಮೊದಲು ಕೇಳಬೇಕಾದದ್ದು ‘ಕಾಣಿಸದಷ್ಟು ಚಿಕ್ಕದಿದೆಯಾ’ ಎಂದಲ್ಲ, ‘ಟೆಲಿಕಾಯಿಲ್ ಇದೆಯಾ, ರಿಮೋಟ್ ಮೈಕು ಕೂಡುತ್ತದೆಯಾ’ ಎಂದು.

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಕಿವಿಯ ಪರೀಕ್ಷೆಯಲ್ಲಿ ಬರೀ ಪೀಂ ಪೀಂ ಸದ್ದು ಕೇಳಿಸಿದರೆ ಸಾಲದು, ಪದಗಳನ್ನು ಕೇಳಿಸಿ ಮರಳಿ ಹೇಳಿಸುತ್ತಾರೆ. ಎಷ್ಟು ಪದ ಸರಿಯಾಗಿ ಹಿಡಿದರು ಎಂಬುದರ ಮೇಲೆ ಮಷೀನಿನಿಂದ ಎಷ್ಟು ಉಪಯೋಗವಾದೀತು ಎಂಬ ಅಂದಾಜು ಸಿಗುತ್ತದೆ. ಮಗನ ಮನೆಗೆಂದು ನಾಸಿಕ್‌ಗೆ ಹೋದ ಹಾವೇರಿಯ ತಾಯಿಗೆ ಮರಾಠಿ ಪದಗಳ ಪಟ್ಟಿ ಹಾಕಿದರೆ ಅವರು ತಪ್ಪುವುದು ಕಿವಿಯಿಂದಲೋ ಭಾಷೆಯಿಂದಲೋ ಹೇಗೆ ಗೊತ್ತಾಗಬೇಕು? ಪರಿಚಿತ ಭಾಷೆಯಲ್ಲಿ ಅರ್ಧ ಕೇಳಿಸಿದ ಪದವನ್ನು ಮನಸ್ಸು ತುಂಬಿಕೊಳ್ಳುತ್ತದೆ, ಬಾರದ ಭಾಷೆಯಲ್ಲಿ ಅದಾಗದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಕನ್ನಡದ ಪದಪಟ್ಟಿಗಳನ್ನು ಸಿದ್ಧಪಡಿಸಿದೆ. 1965ರಲ್ಲಿ ಹುಟ್ಟಿ ಮಾನಸಗಂಗೋತ್ರಿಯಲ್ಲಿ ಬೆಳೆದ ಆ ಸಂಸ್ಥೆ ಕನ್ನಡಿಗರಿಗೆ ದೊಡ್ಡ ಆಸ್ತಿ. ಊರಿಗೆ ಬಂದಾಗ ಅಲ್ಲಿ ಪರೀಕ್ಷೆ ಮಾಡಿಸಿ ವರದಿಯನ್ನು ನಾಸಿಕ್‌ನ ಆಡಿಯಾಲಜಿಸ್ಟ್‌ಗೆ ಕೊಡಬಹುದು. ನಾಸಿಕ್‌ನವರಿಗೆ ಹತ್ತಿರದ ರಾಷ್ಟ್ರೀಯ ಸಂಸ್ಥೆ ಮುಂಬಯಿಯ ಬಾಂದ್ರಾದಲ್ಲಿದೆ. 1983ರಲ್ಲಿ ಶುರುವಾದ ಅದಕ್ಕೆ ಹೈದರಾಬಾದಿನ ಅಲಿ ಯಾವರ್ ಜಂಗ್ ಅವರ ಹೆಸರು. ಅವರು ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದವರು.

ತುಟಿ ನೋಡಿ ಮಾತು ತಿಳಿಯುವ ಅಭ್ಯಾಸಕ್ಕೂ ಭಾಷೆ ಬೇಕು. ‘ಬರ’, ‘ಮರ’, ‘ಪರ’ ಮೂರೂ ತುಟಿಯಲ್ಲಿ ಒಂದೇ ಥರ ಕಾಣುತ್ತವೆ. ಯಾವುದೆಂದು ಹೇಳುವುದು ಸಂದರ್ಭ. ಮುಖ ಕಾಣುವಂತೆ, ಬೆಳಕಿಗೆ ಎದುರಾಗಿ ನಿಂತು, ತುಸು ನಿಧಾನವಾಗಿ, ‘ಈಗ ಬಾಡಿಗೆ ವಿಷಯ ಮಾತಾಡ್ತಿದ್ದೀವಿ’ ಎಂದು ಮೊದಲು ಸಂದರ್ಭ ಹೇಳಿದರೆ ಅರ್ಧ ಕೆಲಸ ಮುಗಿಯಿತು. ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟು ಎದ್ದು ಬಂದು ಮಾತಾಡಿದರೆ ಉಳಿದ ಸ್ವಲ್ಪವೂ ಆಯಿತು.

ಈಗ ದುಡ್ಡಿನ ಮಾತು. 2011ರ ಜನಗಣತಿಯಲ್ಲಿ ಶ್ರವಣದೋಷವಿದೆ ಎಂದು ದಾಖಲಾದವರು ದೇಶದಲ್ಲಿ ಸುಮಾರು 50 ಲಕ್ಷ. ನಿಜವಾದ ಸಂಖ್ಯೆ ಬಹಳ ಹೆಚ್ಚಿರಬೇಕೆಂಬುದಕ್ಕೆ ಕಾನೂನಿನ ಗೆರೆ ನೋಡಿದರೆ ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದ ಶ್ರವಣ, 70 ದಾಟಿದರೆ ಕಿವುಡು. ವಿಶ್ವ ಆರೋಗ್ಯ ಸಂಸ್ಥೆಯಾದರೋ ಚೆನ್ನಾಗಿರುವ ಕಿವಿಯಲ್ಲಿ 35 ಡೆಸಿಬಲ್ ಮೀರಿದ ನಷ್ಟವನ್ನೇ ಬದುಕಿಗೆ ತೊಡಕು ಎನ್ನುತ್ತದೆ. ಜಗತ್ತಿನಲ್ಲಿ 43 ಕೋಟಿ ಜನಕ್ಕೆ ನೆರವು ಬೇಕೆಂದು 2021ರ ವರದಿಯಲ್ಲಿ ಅದು ಲೆಕ್ಕ ಕೊಟ್ಟಿದೆ. 35ಕ್ಕೂ 60ಕ್ಕೂ ನಡುವೆ ಸಿಕ್ಕಿದವರು ನಮ್ಮಲ್ಲಿ ಯಾವ ಪಟ್ಟಿಗೂ ಸೇರದವರು. ದಿನದ ಮಾತುಕತೆ ಅವರಿಗೆ ತಪ್ಪುತ್ತದೆ, ಅಂಗವಿಕಲರ ಕಾರ್ಡು ಸಿಗುವುದಿಲ್ಲ. ಕೇಂದ್ರದ ಅಡಿಪ್ ಯೋಜನೆಯ ಮಷೀನಿಗೆ ಶೇಕಡಾ 40ರ ವೈಕಲ್ಯದ ಪ್ರಮಾಣಪತ್ರ ಬೇಕು. ರೈಲಿನ ರಿಯಾಯಿತಿಯೂ ಕೇಳಿಸದೆ, ಮಾತೂ ಬಾರದೆ ಇರುವವರಿಗೆ ಮಾತ್ರ. ಐವತ್ತನೇ ವಯಸ್ಸಿನಲ್ಲಿ ಕಿವಿ ಕಳೆದುಕೊಂಡವರು ಮಾತಾಡುತ್ತಾರೆ, ಆದ್ದರಿಂದ ಅವರಿಗಿಲ್ಲ. ಈ ಗೆರೆಯನ್ನು ಕೆಳಗಿಳಿಸಲೇಬೇಕು.

ಬಡ ಹಿರಿಯರಿಗೆ ಒಂದು ಸಮಾಧಾನವಿದೆ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದವರಿಗೆ ಊರುಗೋಲು, ಕನ್ನಡಕ, ಹಲ್ಲಿನ ಸೆಟ್ಟಿನ ಜೊತೆಗೆ ಶ್ರವಣ ಸಾಧನವೂ ಉಂಟು. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ತನ್ನದೇ ಮುಖ್ಯಮಂತ್ರಿ ವಯೋಶ್ರೀ ಯೋಜನೆ ತಂದು 65 ದಾಟಿದ, ವರ್ಷಕ್ಕೆ ಎರಡು ಲಕ್ಷದೊಳಗಿನ ಆದಾಯದ ಹಿರಿಯರಿಗೆ ಸಾಧನ ಕೊಳ್ಳಲು ಒಂದು ಸಲಕ್ಕೆ 3,000 ರೂಪಾಯಿ ಕೊಡುತ್ತಿದೆ. ಆ ಮೊತ್ತಕ್ಕೆ ಪರೀಕ್ಷೆ ಮಾಡಿ ಹೊಂದಿಸಿದ ಒಳ್ಳೆಯ ಮಷೀನು ಬರುವುದು ಕಷ್ಟ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಎಲ್ಲ ಸದ್ದನ್ನೂ ಒಂದೇ ಸಮ ಹೆಚ್ಚಿಸುವ ಡಬ್ಬಿ ಬರುತ್ತದೆ. ಅದು ಇರುವ ಶ್ರವಣಕ್ಕೂ ಪೆಟ್ಟು ಕೊಡಬಹುದು. ದುಡ್ಡಿನ ಜೊತೆಗೆ ಪರೀಕ್ಷೆಯ ಚೀಟಿಯನ್ನೂ ಕೊಡುವುದು ಒಳ್ಳೆಯದು.

ಶಿಬಿರಗಳಲ್ಲಿ ಹಂಚಿದ ಮಷೀನುಗಳು ಮೂಲೆಗೆ ಬೀಳುವುದಕ್ಕೂ ಕಾರಣ ಇದೇ: ಆಮೇಲೆ ನೋಡುವವರಿಲ್ಲ. ಕಿವಿಯ ಅಚ್ಚು ಸಡಿಲವಾದರೆ ಮಷೀನು ಕುಂಯ್ ಎಂದು ಸಿಳ್ಳು ಹಾಕುತ್ತದೆ. ಮೇಣ ತುಂಬಿದರೆ ಸುಮ್ಮನಾಗುತ್ತದೆ, ಅದಕ್ಕೆ ಪುಟ್ಟ ಬ್ರಶ್ಶು ಸಾಕು. ಸೆಲ್ಲಿನ ಮೇಲಿನ ಬಣ್ಣದ ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು, ಏಕೆಂದರೆ ಅದು ಗಾಳಿ ಕುಡಿದು ಕೆಲಸ ಮಾಡುವ ಜಿಂಕ್ ಸೆಲ್ಲು. ಕಿತ್ತಳೆ ಸ್ಟಿಕ್ಕರ್ ಎಂದರೆ 13, ಕಂದು ಎಂದರೆ 312, ನೀಲಿ ಎಂದರೆ 675. ಇದನ್ನು ಓದು ಬಾರದ ಅಜ್ಜಿಯೂ ಬಣ್ಣದಿಂದ ನೆನಪಿಡಬಲ್ಲಳು. ತ್ರ್ಯಂಬಕದ ಕಡೆಯ ಮಳೆಗಾಲದಲ್ಲಿ ರಾತ್ರಿ ಮಷೀನನ್ನು ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿಡಬೇಕು. ಇಷ್ಟನ್ನು ಹೇಳಿಕೊಡಲು ಡಾಕ್ಟರೇ ಬೇಕಿಲ್ಲ, ಹತ್ತು ವರ್ಷ ಮಷೀನು ಹಾಕಿದ ಪಕ್ಕದ ಮನೆಯವರು ಸಾಕು.

ಆ ಪಕ್ಕದ ಮನೆಯವರನ್ನು ಒಟ್ಟು ಸೇರಿಸುವುದೇ ನಾನು ಹೇಳುತ್ತಿರುವ ಸಮುದಾಯದ ನೆರವು. ಹುಟ್ಟಿನಿಂದ ಕಿವುಡರಾದವರಿಗೆ ಸಂಕೇತ ಭಾಷೆಯಿದೆ, ಶಾಲೆಯಿದೆ, ಸಂಘವಿದೆ. ನಡುವಯಸ್ಸಿನಲ್ಲಿ ಶ್ರವಣ ಕಳೆದುಕೊಂಡವರು ಅಲ್ಲಿಗೂ ಸಲ್ಲರು, ಇಲ್ಲಿಗೂ ಸಲ್ಲರು. ಅಮೆರಿಕದಲ್ಲಿ ರಾಕಿ ಸ್ಟೋನ್ ಎಂಬ ಮಂದ ಕಿವಿಯ ನಿವೃತ್ತ ಅಧಿಕಾರಿ 1979ರಲ್ಲಿ ಇಂಥವರದೇ ಸ್ವಸಹಾಯ ಸಂಘ ಕಟ್ಟಿದರು, ಅದು ದೇಶದ ತುಂಬ ಶಾಖೆಗಳಾಗಿ ಬೆಳೆಯಿತು. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಮೈಸೂರಿನಲ್ಲಿ ರೋಟರಿ ವೆಸ್ಟ್ ಮತ್ತು ಕಿವುಡು ಮಕ್ಕಳ ಪೋಷಕರ ಸಂಘ ಸೇರಿ ನಡೆಸುವ ಶಾಲೆಯಲ್ಲಿ ತಾಯಂದಿರೇ ವಿದ್ಯಾರ್ಥಿಗಳು. ಮಗುವಿನ ಜೊತೆ ದಿನವೂ ಬೆಂಚಿನಲ್ಲಿ ಕೂತು ಮಾತು ಕಲಿಸುವ ಬಗೆಯನ್ನು ತಾವೂ ಕಲಿಯುತ್ತಾರೆ. ಊರು ಬಿಟ್ಟು ಬಂದು ಬಾಡಿಗೆ ಕೋಣೆ ಹಿಡಿದು ಕಲಿಸಿದ ಹೆಣ್ಣುಮಕ್ಕಳಿದ್ದಾರೆ. ಒಬ್ಬ ತಾಯಿ ಕಲಿತದ್ದು ಮುಂದಿನ ತಾಯಿಗೆ ಸಿಗುತ್ತದೆ. ಯಂತ್ರ ಕೊಡಲಾರದ ಧೈರ್ಯ ಅದು.

ಇದೇ ಕೆಲಸವನ್ನು ಹಿರಿಯರಿಗೆ ಮಾಡಲು ಮಹಾರಾಷ್ಟ್ರದಲ್ಲಿ ನೆಲ ಸಿದ್ಧವಾಗಿದೆ. ಅಲ್ಲಿ ಬಡಾವಣೆಗೊಂದರಂತೆ ಜ್ಯೇಷ್ಠ ನಾಗರಿಕ ಸಂಘಗಳಿವೆ, ಅವಕ್ಕೆ ಫೆಸ್ಕಾಂ ಎಂಬ ರಾಜ್ಯ ಮಟ್ಟದ ಒಕ್ಕೂಟವಿದೆ. ಹುಟ್ಟುಹಬ್ಬ, ಭಜನೆ, ಆರೋಗ್ಯದ ಉಪನ್ಯಾಸ ಎಲ್ಲ ನಡೆಯುತ್ತದೆ. ಆದರೆ ಕಿವಿ ಕೇಳದವರು ಮೊದಲು ಹಿಂದಿನ ಸಾಲಿಗೆ, ಆಮೇಲೆ ಮನೆಗೆ ಸರಿಯುತ್ತಾರೆ. ತಿಂಗಳಿಗೊಂದು ಸಂಜೆ ‘ಮಷೀನಿನವರ ಕೂಟ’ ಇಟ್ಟು, ಬಳಸಿದವರು ಹೊಸಬರಿಗೆ ಕಲಿಸಿ, ಸೆಲ್ಲನ್ನು ಒಟ್ಟಾಗಿ ತರಿಸಿ, ಸಂಘದ ಹೆಸರಿನಲ್ಲಿ ಎರಡು ರಿಮೋಟ್ ಮೈಕು ಕೊಂಡು ಸರದಿಯಲ್ಲಿ ಬಳಸಿದರೆ ಸರ್ಕಾರಕ್ಕೆ ಕಾಯಬೇಕಾಗಿಲ್ಲ. ನಮ್ಮ ಹೊರನಾಡ ಕನ್ನಡ ಸಂಘಗಳೂ ರಾಜ್ಯೋತ್ಸವದ ವೇದಿಕೆಗೆ ಖರ್ಚು ಮಾಡುವುದರಲ್ಲಿ ಸ್ವಲ್ಪ ಇದಕ್ಕೆ ಎತ್ತಿಡಲಿ. ಕಿವಿ ಮಂದವಾಗಿ ಜನರಿಂದ ದೂರವಾಗುವುದು ಮರೆವಿನ ರೋಗಕ್ಕೂ ದಾರಿ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ತಡೆಯಬಹುದಾದ 14 ಕಾರಣಗಳಲ್ಲಿ ಶ್ರವಣ ನಷ್ಟವೂ ಒಂದು.

ಇರುವ ಕಿವಿ ಕೆಡದಂತೆ ಕಾಯುವುದೂ ಇದೇ ಕೆಲಸದ ಭಾಗ. ನಾಸಿಕ್ ಎಂದರೆ ಕರಾವಳಿಯವರಿಗೆ, ಕಾಸರಗೋಡಿನವರಿಗೆ ಮೊದಲು ನೆನಪಾಗುವುದು ನಾಸಿಕ್ ಬ್ಯಾಂಡು. ಆ ಡೋಲಿನ ಹೊಡೆತಕ್ಕೆ ಕಾಲು ತಾನೇ ಕುಣಿಯುತ್ತದೆ, ನಿಜ. ಆದರೆ ತಂಡದ ನಡುವೆ ಸದ್ದು ನೂರು ಡೆಸಿಬಲ್ ದಾಟುವುದು ಅಪರೂಪವಲ್ಲ. ಆ ಮಟ್ಟದಲ್ಲಿ ಕಿವಿ ಅಪಾಯವಿಲ್ಲದೆ ತಾಳುವುದು ಕಾಲು ಗಂಟೆಯ ಹೊತ್ತು. ಹುಡುಗರು ಗಂಟೆಗಟ್ಟಲೆ ಬಾರಿಸುತ್ತಾರೆ. ಹತ್ತಿಪ್ಪತ್ತು ರೂಪಾಯಿಯ ಇಯರ್ ಪ್ಲಗ್ ಹಾಕಿದರೆ ತಾಳ ತಪ್ಪುವುದಿಲ್ಲ. ತಂಡ ಕರೆಸುವವರೇ ಕೊಡಿಸಲಿ. ನಾಸಿಕ್‌ನ ಅಂಬಡ, ಸಾತಪುರ, ಸಂಭಾಜಿನಗರದ ವಾಳುಜ್ ಕೈಗಾರಿಕಾ ಪ್ರದೇಶಗಳ ಪ್ರೆಸ್ ಶಾಪುಗಳಲ್ಲಿ ದುಡಿಯುವವರದೂ ಇದೇ ಕತೆ. ಸದ್ದಿನಿಂದ ಬಂದ ಕಿವುಡು ಕಾರ್ಮಿಕ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಔದ್ಯೋಗಿಕ ಕಾಯಿಲೆ, ಅದಕ್ಕೆ ಪರಿಹಾರ ಕೇಳುವ ಹಕ್ಕಿದೆ. ಮೂವತ್ತು ವರ್ಷ ಲೋಹ ಬಡಿದ ಕಾರ್ಮಿಕ ನಿವೃತ್ತನಾಗಿ ‘ವಯಸ್ಸಾಯ್ತು, ಕಿವಿ ಹೋಯ್ತು’ ಎಂದುಕೊಂಡು ಸುಮ್ಮನಿದ್ದರೆ ಅದು ಅವನಿಗೆ ಆದ ಅನ್ಯಾಯ.

2027ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಾಸಿಕ್ ಮತ್ತು ತ್ರ್ಯಂಬಕೇಶ್ವರದಲ್ಲಿ ಸಿಂಹಸ್ಥ ಕುಂಭಮೇಳದ ಮುಖ್ಯ ಸ್ನಾನಗಳಿವೆ. ಕರ್ನಾಟಕದಿಂದಲೂ ದೊಡ್ಡ ಸಂಖ್ಯೆಯಲ್ಲಿ ಜನ ಹೋಗುತ್ತಾರೆ. 2003ರ ಆಗಸ್ಟ್ 27ರಂದು ಅಲ್ಲೇ ಕಾಲ್ತುಳಿತದಲ್ಲಿ 39 ಜನ ಸತ್ತರು. ಅಂಥ ಗುಂಪಿನಲ್ಲಿ ‘ಈ ದಾರಿ ಮುಚ್ಚಿದೆ, ಆ ಕಡೆ ಹೋಗಿ’ ಎಂಬುದು ಲೌಡ್‌ಸ್ಪೀಕರಿನಿಂದಷ್ಟೇ ಬಂದರೆ ಮಂದ ಕಿವಿಯವರಿಗೆ ಅದು ಬಂದೇ ಇಲ್ಲ. ಪ್ರತಿ ಘಾಟಿನಲ್ಲಿ ಘೋಷಣೆಯನ್ನು ಬರಹದಲ್ಲಿ ತೋರಿಸುವ ದೊಡ್ಡ ಪರದೆ ಇರಲಿ, ಮರಾಠಿ, ಹಿಂದಿಯ ಜೊತೆ ಕನ್ನಡ, ತೆಲುಗೂ ಇರಲಿ. ಕಳೆದುಹೋದವರ ಕೇಂದ್ರಗಳಲ್ಲಿ, ರೈಲ್ವೆ ವಿಚಾರಣೆಯ ಕಿಟಕಿಗಳಲ್ಲಿ ಕೌಂಟರ್ ಲೂಪ್ ಮತ್ತು ಒಂದು ಸ್ಲೇಟು ಇರಲಿ. ಸ್ವಯಂಸೇವಕರಿಗೆ ಮುಖ ಕಾಣುವಂತೆ ನಿಂತು ಮಾತಾಡುವುದನ್ನು ಅರ್ಧ ದಿನ ಕಲಿಸಿದರೆ ಸಾಕು. ಹಿರಿಯರನ್ನು ಕರೆದೊಯ್ಯುವ ಮನೆಯವರು ಅವರ ಕೊರಳಿಗೆ ಹೆಸರು, ಫೋನ್ ನಂಬರ್ ಜೊತೆಗೆ ‘ಕಿವಿ ಮಂದ, ಬರೆದು ತೋರಿಸಿ’ ಎಂಬ ಚೀಟಿ ಹಾಕಲಿ. ಅದನ್ನು ಕನ್ನಡದಲ್ಲೂ ದೇವನಾಗರಿಯಲ್ಲೂ ಬರೆಸಲಿ. ಸೆಲ್ಲಿನ ಎರಡು ಪಟ್ಟಿ ಹೆಚ್ಚಿಗೆ ಚೀಲದಲ್ಲಿರಲಿ, ನೀರಿಗಿಳಿಯುವ ಮೊದಲು ಮಷೀನನ್ನು ಕಿವಿಯಿಂದ ತೆಗೆದು ಒಣ ಡಬ್ಬಿಗೆ ಹಾಕಲು ಒಬ್ಬರು ದಡದಲ್ಲೇ ನಿಲ್ಲಲಿ.